ನನ್ನ ಮುಖ, ಯಾರದೋ ದನಿ

ಕಂಪನಿಯ ಹುಡುಗಿ ಮೊದಲ ಸಲ ಫೋನ್ ಮಾಡಿದಾಗ ನಾನು ಹಾಗಲಕಾಯಿ ಹೆಚ್ಚುತ್ತಿದ್ದೆ.

"ಮೇಡಂ, ನಿಮ್ಮ ಅಡುಗೆ ವಿಡಿಯೊಗಳು ತುಂಬಾ ಆಥೆಂಟಿಕ್. ನಮಗೆ ನಿಮ್ಮಂಥ ಕೋಲಾರದ ಲೋಕಲ್ ಮುಖವೇ ಬೇಕಿತ್ತು" ಎಂದಳು.

ನಾನು ಹುಟ್ಟಿ ಬೆಳೆದದ್ದು ಧಾರವಾಡದ ಪಕ್ಕದ ಒಂದು ಹಳ್ಳಿಯಲ್ಲಿ. ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದೆ. ಅದಾಗಿ ಇಪ್ಪತ್ತು ವರ್ಷ ದಾಟಿದೆ. ಇವತ್ತಿಗೂ ನಾನು ಬಾಯಿ ತೆರೆದರೆ ಸೊಪ್ಪಿನ ಗಾಡಿಯವನು ತಕ್ಕಡಿ ಬಿಟ್ಟು ನನ್ನ ಮುಖ ನೋಡುತ್ತಾನೆ. ಇದನ್ನೆಲ್ಲ ಆ ಹುಡುಗಿಗೆ ಪ್ರಾಮಾಣಿಕವಾಗಿಯೇ ಹೇಳಿದೆ. ಆಕೆ, "ಪರವಾಗಿಲ್ಲ ಮೇಡಂ, ಅಡ್ರೆಸ್ ಕೆಜಿಎಫ್ ತಾನೇ?" ಎಂದಳು.

ನನ್ನ ಚಾನೆಲ್ಲು ದೊಡ್ಡದೇನಲ್ಲ. ಊರಲ್ಲಿರುವ ತಂಗಿ ಯಾವಾಗಲೂ ಫೋನಿನಲ್ಲಿ ಅಡುಗೆ ಕೇಳುತ್ತಿದ್ದಳು. ಹೇಳಿ ಹೇಳಿ ಸಾಕಾಗಿ ಒಂದು ದಿನ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಮಾಡಿ ತೋರಿಸಿದೆ. ಅಲ್ಲಿಂದ ಶುರುವಾಯಿತು. ನನ್ನೂರಿನ ಎಣ್ಣೆಗಾಯಿ ತೋರಿಸುತ್ತಿದ್ದೆ, ಇಲ್ಲಿಗೆ ಬಂದ ಮೇಲೆ ಕಲಿತ ಹಿತಕಿದ ಬೇಳೆ ಸಾರು, ಮಸ್ಸೊಪ್ಪು ತೋರಿಸುತ್ತಿದ್ದೆ. ಎಲ್ಲವೂ ನನ್ನದೇ ಭಾಷೆಯಲ್ಲಿ. ನೋಡುವವರಲ್ಲಿ ಅರ್ಧ ನನ್ನ ನೆಂಟರು, ಉಳಿದರ್ಧ ಆ ನೆಂಟರ ಕಾಟಕ್ಕೆ ನೋಡುತ್ತಿದ್ದವರು.

ಹುಡುಗಿ ಕೆಲಸ ಮಾಡುತ್ತಿದ್ದದ್ದು ಆನ್‌ಲೈನಿನಲ್ಲಿ ಮಸಾಲೆ ಪುಡಿ ಮಾರುವ ಬೆಂಗಳೂರಿನ ಕಂಪನಿಯಲ್ಲಿ. ಇಷ್ಟು ದಿನ ಎಲ್ಲ ಕಡೆ ಒಂದೇ ಸಾಂಬಾರ್ ಪುಡಿ ಮಾರುತ್ತಿದ್ದವರಿಗೆ ಈಗ ಒಂದೊಂದು ಸೀಮೆಯ ನಾಲಿಗೆಗೆ ಒಂದೊಂದು ಪುಡಿ ಬೇಕೆಂದು ಜ್ಞಾನೋದಯವಾಗಿತ್ತು. ಕೋಲಾರದ ಪಾಲಿಗೆ ಬಂದದ್ದು ಮಸ್ಸೊಪ್ಪಿನ ಪುಡಿ.

ಮಸ್ಸೊಪ್ಪನ್ನು ನನಗೆ ಕಲಿಸಿದ್ದು ಬಂಗಾರಪೇಟೆ ಕಡೆಯ ಹಳ್ಳಿಯಿಂದ ನಮಗೆ ಹಾಲು ತಂದು ಹಾಕುವ ಹೆಂಗಸು. ಮಾರನೆಯ ದಿನ ಹಾಲು ಅಳೆಯುವಾಗ ಆಕೆಗೆ ವಿಷಯ ಹೇಳಿದೆ.

"ಮಸ್ಸೊಪ್ಪಿಗೆ ಪುಡಿ ಎಂತದಕ್ಕಾ?" ಎಂದಳು. "ಬೇಳೆ ಸೊಪ್ಪು ಬೇಯ್ಸು, ಮಸಿ, ಒಗ್ಗರಣೆ ಆಕು. ಮುಗೀತು. ಪುಡಿ ಎಲ್ಲಿಂದ ಬಂತು ಮದ್ಯದಾಗೆ?"

"ಕಂಪನಿಯವರು ಮಾಡ್ಯಾರವಾ."

"ಅಂಗಾದ್ರೆ ನೀರಿಗೂ ಒಂದು ಪುಡಿ ಮಾಡಾಕೇಳು, ಇಲ್ಲಿ ನೀರು ವಾರಕ್ಕೊಂದು ಕಿತ ಬತ್ತದೆ" ಎಂದು ಕ್ಯಾನು ಎತ್ತಿಕೊಂಡು ಹೋದಳು.

ಆದರೂ ನಾನು ಒಪ್ಪಿಕೊಂಡೆ. ಯಾಕೆಂದು ಕೇಳಿದರೆ, ನನ್ನ ಮುಖ ಪ್ಯಾಕೆಟ್ಟಿನ ಮೇಲೆ ಬರುತ್ತದೆ ಎಂದಿದ್ದರು. ಕ್ವಾರ್ಟರ್ಸಿನ ಹೆಂಗಸರ ಸಂಘದಲ್ಲಿ ಖಜಾಂಚಿಯಾಗಲೂ ನನ್ನನ್ನು ಯಾರೂ ಕರೆದವರಲ್ಲ.

ಶೂಟಿಂಗಿಗೆ ಹುಡುಗಿಯ ಜೊತೆ ಒಬ್ಬ ನಿರ್ದೇಶಕ, ಕ್ಯಾಮೆರಾದವರು ಬಂದರು. ನಿರ್ದೇಶಕ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಯ ಟೈಲ್ಸು, ಫ್ರಿಜ್ಜು, ಮಿಕ್ಸಿ, ಮೂಲೆಯಲ್ಲಿದ್ದ ಫಿಲ್ಟರು, ಎಲ್ಲವನ್ನೂ ಒಂದೊಂದಾಗಿ ನೋಡಿದ. ಹೆಣ್ಣು ನೋಡಲು ಬಂದು ಇಷ್ಟವಾಗದವರ ಮುಖ ಹಾಗೆಯೇ ಇರುತ್ತದೆ.

"ಇಲ್ಲಿ ಎಲ್ಲೂ ಲೋಕಲ್ ಕಾಣ್ತಾ ಇಲ್ಲ" ಎಂದ.

"ಇದು ಇಲ್ಲೇ ಇರೋ ಮನೀರಿ" ಎಂದೆ.

ಅವನಿಗೆ ಮಣ್ಣಿನ ಗೋಡೆ ಬೇಕಿತ್ತು. ಒಲೆ ಬೇಕಿತ್ತು, ಹೊಗೆ ಬೇಕಿತ್ತು. ಹಾಲಿನವಳ ಹಳ್ಳಿಗೆ ಹೋಗೋಣವೆಂದು ನಾನೇ ದಾರಿ ತೋರಿಸಿದೆ. ಅಲ್ಲಿ ಇನ್ನೊಂದು ಆಘಾತ ಕಾದಿತ್ತು. ಆಕೆ ಹಿಂದಿನ ವರ್ಷವಷ್ಟೇ ತಾರಸಿ ಮನೆ ಕಟ್ಟಿಸಿದ್ದಳು. ಕಣ್ಣಿಗೆ ಹೊಡೆಯುವ ಹಸಿರು ಬಣ್ಣ, ಮುಂದೆ ಸ್ಟೀಲಿನ ಕಂಬಿ, ಒಳಗೆ ಮುಖ ಕಾಣುವಂಥ ಗ್ರಾನೈಟು. ಆ ಗ್ರಾನೈಟನ್ನು ನಮಗೆಲ್ಲ ಚಪ್ಪಲಿ ಬಿಚ್ಚಿಸಿ ಹೆಮ್ಮೆಯಿಂದ ತೋರಿಸಿದಳು. ನಿರ್ದೇಶಕನಿಗೆ ಅಳು ಬರುವುದೊಂದು ಬಾಕಿ. ಕೊನೆಗೆ ಆ ಆವರಣದಲ್ಲಿ ಮಣ್ಣಿನ ಗೋಡೆ ಉಳಿದಿದ್ದದ್ದು ಒಂದೇ ಕಡೆ, ದನದ ಕೊಟ್ಟಿಗೆಯಲ್ಲಿ.

"ಇದು ಪರ್ಫೆಕ್ಟ್" ಎಂದ.

"ದನದ ಕೊಟ್ಗೇಲಿ ಅಡ್ಗೆ ಯಾರ್ಲಾ ಮಾಡ್ತಾರೆ?" ಎಂದಳು ಹಾಲಿನವಳು. ಆಮೇಲೆ ಅವನು ತನ್ನ ಮಗನ ವಯಸ್ಸಿನವನಾದರೂ ಬೆಂಗಳೂರಿನ ಸಾಹೇಬ ಎಂಬುದು ನೆನಪಾಗಿ, "ಯಾರು ಮಾಡ್ತಾರೆ ಸಾ" ಎಂದು ತಿದ್ದಿಕೊಂಡಳು. ಮಾಡುವುದೇ ಆದರೆ ತನ್ನ ಹಸುವೂ ವಿಡಿಯೊದಲ್ಲಿ ಕಾಣಬೇಕು ಎಂಬುದೊಂದೇ ಆಕೆಯ ಷರತ್ತು.

ಸಗಣಿ ಬಾಚಿ, ಮೂರು ಕಲ್ಲು ಇಟ್ಟು ಒಲೆ ಹೂಡಿದರು. ನನ್ನ ಕನ್ನಡಕ ತೆಗೆಸಿದರು, ಹಳ್ಳಿಯ ಹೆಂಗಸಿಗೆ ಕನ್ನಡಕ ಒಪ್ಪುವುದಿಲ್ಲವಂತೆ. ಕನ್ನಡಕವಿಲ್ಲದೆ ನನಗೆ ಮಡಕೆಯ ಬಾಯಿ ಎಲ್ಲಿದೆ ಎಂಬುದೇ ಅಂದಾಜು. ಹಸಿ ಸೌದೆಯ ಹೊಗೆಗೆ ಕಣ್ಣು ಮೂಗು ಸುರಿಯತೊಡಗಿದವು. ಒರೆಸಿಕೊಳ್ಳಲು ಸೆರಗೆತ್ತಿದರೆ ನಿರ್ದೇಶಕ ಕೂಗಿದ, "ಬೇಡ ಮೇಡಂ, ಬಿಡಿ, ಒಳ್ಳೆ ಎಮೋಷನ್ ಬರ್ತಾ ಇದೆ!"

ಆಮೇಲೆ ಮಾತಾಡಿ ಎಂದರು. ಆಡಿದೆ. "ಸೊಪ್ಪು ಛಲೋತ್ನ್ಯಾಗ ತೊಳಕೊಂಡು, ಬ್ಯಾಳಿ ಜೋಡಿ ಕುದಿಯಾಕ ಇಡಬೇಕು" ಎನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದ. ಇದು ಇಲ್ಲಿನ ಕನ್ನಡವಲ್ಲ ಎಂದು ಅವನಿಗೂ ಗೊತ್ತಾಯಿತು. ಇಲ್ಲಿನವರ ಹಾಗೆ ಪ್ರಯತ್ನಿಸಿ ಎಂದ. ಇಲ್ಲಿನವರು ಹಕಾರ ಬಿಡುತ್ತಾರೆಂದು ನನಗೆ ಗೊತ್ತು. ಸಿಕ್ಕಸಿಕ್ಕಲ್ಲಿ ಬಿಡುತ್ತ ಹೋದೆ. ಇಲ್ಲದ ಕಡೆಯೂ ಬಿಟ್ಟೆನೋ ಏನೋ, ಹಾಲಿನವಳು ಹೊಟ್ಟೆ ಹಿಡಿದುಕೊಂಡು ಬಾನಿಯ ಪಕ್ಕ ಕುಸಿದು ಕೂತಳು. "ಅಯ್ಯೋ ಸಾಕು ಬಿಡಕ್ಕಾ, ಅಸು ಬೆದ್ರುತ್ತೆ!"

ಹುಡುಗಿ ಸರಿಯಾದ ಮಾತನ್ನೇ ಸೂಚಿಸಿದಳು. ಈ ಅಮ್ಮನೇ ಮಾತಾಡಲಿ, ಇವರ ದನಿ ತೆಗೆದುಕೊಳ್ಳೋಣ ಎಂದಳು. ಹಾಲಿನವಳು ಎದ್ದಳು, ತಲೆ ಸವರಿಕೊಂಡಳು, ಸೆರಗು ಹೊದ್ದು ಮೈಕಿನ ಮುಂದೆ ನಿಂತಳು. ಗಂಟಲು ಸರಿಮಾಡಿಕೊಂಡು, ನಾನು ಎಂದೂ ಆಕೆಯ ಬಾಯಲ್ಲಿ ಕೇಳದ ದನಿಯಲ್ಲಿ, "ಎಲ್ಲರಿಗೂ ನಮಸ್ಕಾರಗಳು. ಪ್ರಿಯ ವೀಕ್ಷಕರೇ, ಇಂದಿನ ಕಾರ್ಯಕ್ರಮದಲ್ಲಿ ನಾವು ತಯಾರಿಸಲಿರುವ ಖಾದ್ಯವೇನೆಂದರೆ" ಎಂದಳು. ಹಕಾರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಇಲ್ಲದ ಕಡೆ ಒಂದೆರಡು ಹೆಚ್ಚಿಗೆಯೂ ಇದ್ದವು.

ನಿರ್ದೇಶಕ ಬಗೆಬಗೆಯಾಗಿ ಬೇಡಿಕೊಂಡ. ಮನೆಯಲ್ಲಿ ಮಾತಾಡೋ ಹಾಗೆ ಮಾತಾಡಿ ಎಂದ.

"ನಾಕು ಜನ ನೋಡಾದ್ರಲ್ಲಿ ಮನೇಲಿ ಮಾತಾಡ್ದಂಗೆ ಮಾತಾಡಾಕಾಯ್ತದ? ಮಾನ ಮರ್ವಾದೆ ಬ್ಯಾಡ್ವಾ?" ಎಂದಳು. ಮೈಕು ಸರಿಸಿದ ಮೇಲೆ.

ದನಿಯನ್ನು ಬೆಂಗಳೂರಿನಲ್ಲೇ ಹಾಕಿಸುತ್ತೇವೆ ಎಂದು ಹೇಳಿ ಹೋದರು.

ವಿಡಿಯೊ ಬಂದ ದಿನ ಗಂಡ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ಇಬ್ಬರೂ ಕೂತು ನೋಡಿದೆವು. ಪರದೆಯ ಮೇಲೆ ಕಣ್ಣೀರು ಸುರಿಸುತ್ತಿರುವ ನಾನು. ಬಾಯಿ ತೆರೆದರೆ ಎಂಬತ್ತು ವರ್ಷದ ಮುದುಕಿಯೊಬ್ಬಳ ನಡುಗುವ ದನಿ: "ಬಾರವ್ವಾ ನನ್ ಕಂದಾ... ಚಿನ್ನದ ನೆಲದಾಗ್ ಬೆಳ್ದ ಸೊಪ್ಪು ಕಣವ್ವೋ... ಬಾಯಿಗಿಟ್ರೆ ಬಂಗಾರ ಕಣವ್ವೋ..." ಈ ಕನ್ನಡ ಯಾವ ಜಿಲ್ಲೆಯದೆಂದು ನನಗೆ ಈಗಲೂ ಗೊತ್ತಿಲ್ಲ. ಯಾವ ಜಿಲ್ಲೆಯೂ ಅದನ್ನು ತನ್ನದೆಂದು ಒಪ್ಪಿಕೊಳ್ಳಲಾರದು. ಇನ್ನು ಚಿನ್ನದ ಮಾತು. ಗಣಿ ಮುಚ್ಚಿ ಎರಡು ದಶಕ ದಾಟಿತು. ನಮ್ಮ ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಕಡೆ ಗಾಳಿ ಎದ್ದರೆ, ಗಣಿಯಿಂದ ತೆಗೆದು ಸುರಿದ ಬೂದುಬಣ್ಣದ ಮಣ್ಣಿನ ಗುಡ್ಡದಿಂದ ಧೂಳು ಹಾರಿ ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ನಮಗೆ ಉಳಿದಿರುವ ಬಂಗಾರ ಅದು. ಅದನ್ನು ಯಾವ ಪ್ಯಾಕೆಟ್ಟಿನ ಮೇಲೂ ಹಾಕುವುದಿಲ್ಲ.

ಗಂಡ ಚಹಾದ ಲೋಟ ಕೆಳಗಿಟ್ಟರು. "ಯಾರ್ದಿದು ದನಿ? ನಮ್ಮ ಅತ್ತಿ ತೀರಿಕೊಂಡ ಹೊತ್ತಿನ್ಯಾಗೂ ನೀ ಇಷ್ಟ ಅತ್ತಿದ್ದಿಲ್ಲ."

"ನಿಮ್ಮ ಅತ್ತಿ ಇನ್ನೂ ಅದಾರ್ರೀ, ನಮ್ಮವ್ವ ಆಕಿ."

"ಅದಕ್ಕ ಅತ್ತಿದ್ದಿಲ್ಲೇನು" ಎಂದು ಮತ್ತೆ ಲೋಟ ಎತ್ತಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಜಿಎಫ್‌ನಲ್ಲಿ ತಮಿಳು, ತೆಲುಗು ಆಡುವವರೂ ಇದ್ದಾರೆಂದು ಕಂಪನಿಗೆ ಯಾರೋ ಹೇಳಿಕೊಟ್ಟರು. ಅದೇ ಕೊಟ್ಟಿಗೆ, ಅದೇ ಹೊಗೆ, ಅದೇ ನಾನು, ಈಗ ತಮಿಳಿನಲ್ಲಿ. ವಾರದೊಳಗೆ ತೆಲುಗಿನಲ್ಲಿ. ಕೆಜಿಎಫ್‌ನಲ್ಲೇ ಇರುವ ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಗಳ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಹೆಂಗಸು ಓಡಿ ಬಂದು ನನ್ನ ಕೈ ಹಿಡಿದು ತಮಿಳಿನಲ್ಲಿ ಸುರಿಮಳೆಗರೆದಳು. ನನಗೆ ತಮಿಳು ತಿಳಿಯುತ್ತದೆ, ಆಡಲು ಮಾತ್ರ ತರಕಾರಿ ಚೌಕಾಸಿಗೆ ಸಾಲುವಷ್ಟು ಬರುತ್ತದೆ. ಟೊಮೇಟೊ ವಿಷಯ ಬಿಟ್ಟು ಬೇರೆ ಮಾತಿಗೆ ನನ್ನಲ್ಲಿ ಪದಗಳಿಲ್ಲ. ತಡವರಿಸಿ ಕನ್ನಡಕ್ಕೆ ಬಂದೆ.

ಅವಳ ಮುಖ ಇಳಿಯಿತು. "ಏನಕ್ಕಾ, ಫೋನ್‌ಲ ಅಷ್ಟು ಚೆನ್ನಾಗಿ ತಮಿಳು ಪೇಸ್ತೀರಿ. ಎದುರಿಗೆ ಸಿಕ್ರೆ ತಿಳೀದೆ ಇರೋ ಥರ ಮಾಡ್ತೀರಾ? ದೊಡ್ಡವರಾಗಿಬಿಟ್ರಿ."

ದನಿ ನನ್ನದಲ್ಲ ಎಂದೆ. ಅವಳು ನಂಬಲಿಲ್ಲ. ಬಸ್ಸಿನೊಳಗೆ ಪಕ್ಕದವಳಿಗೆ ನನ್ನನ್ನು ತೋರಿಸಿ ಏನೋ ಹೇಳಿದಳು. ಅದೂ ನನಗೆ ಚೆನ್ನಾಗಿಯೇ ಅರ್ಥವಾಯಿತು.

ಮುಂದಿನ ತಿಂಗಳು ಹುಡುಗಿ ಮತ್ತೆ ಫೋನ್ ಮಾಡಿ ಧಾರವಾಡದ ಸೀಮೆಗೂ ಒಂದು ಪುಡಿ ಬಿಡುತ್ತಿದ್ದೇವೆ ಎಂದಳು. ನನಗೆ ನಿಜಕ್ಕೂ ಖುಷಿಯಾಯಿತು. ಇನ್ನಾದರೂ ನನ್ನ ಮುಖಕ್ಕೆ ನನ್ನ ದನಿ ಸಿಕ್ಕೀತು ಎಂದುಕೊಂಡೆ. ಕೇಳುವ ಮೊದಲೇ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ನನ್ನವ್ವ ಹೇಳುವ ಹಾಗೆ ಹೇಳಿ ರೆಕಾರ್ಡ್ ಮಾಡಿ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. "ಮೇಡಂ, ಟೀಮಿಗೆ ಕೇಳಿಸಿದೆ. ವಾಯ್ಸ್ ಚೆನ್ನಾಗಿದೆ, ಆದರೆ ಧಾರವಾಡದ ಫೀಲ್ ಬರ್ತಿಲ್ಲ ಅಂತಿದ್ದಾರೆ. ತುಂಬಾ ಮೆತ್ತಗಿದೆಯಂತೆ. ಸ್ವಲ್ಪ ಖಾರ ಬೇಕು."

ಖಾರ ಇರುವವನೊಬ್ಬ ಅವರಿಗೆ ಸಿಕ್ಕಿದ. ಗಂಡಸು. ಮಿಮಿಕ್ರಿ ಮಾಡುವವನಿರಬೇಕು. ಹೆಂಗಸಿನ ದನಿ ತೆಗೆದು, "ಏ ಮಗನs! ಪುಡಿ ಹಾಕ್ಲೇ! ಹಾಕಲಿಲ್ಲಂದ್ರ ಬಾರಕೋಲು ತಗೊಂತೀನಿ ನೋಡs!" ಎಂದು ಶುರುಮಾಡಿದರೆ ಕೊನೆಯವರೆಗೆ ಬೈಗುಳವೇ. ತೆರೆಯ ಮೇಲೆ ನಾನು ಬಂಗಾರಪೇಟೆಯ ಕೊಟ್ಟಿಗೆಯಲ್ಲಿ ಕಣ್ಣೀರು ಹಾಕುತ್ತ ಧಾರವಾಡದವರನ್ನು ಬೈಯುತ್ತಿದ್ದೆ.

ತಂಗಿ ಫೋನ್ ಮಾಡಿದಳು. "ಅಕ್ಕಾ, ನಮ್ಮೂರಾಗ ಹಿಂಗ ಬೈಕೋಂತ ಅಡಿಗಿ ಯಾರ್ ಮಾಡ್ತಾರ? ಅವ್ವ ನೋಡಿ ಊಟಾ ಬಿಟ್ಟು ಕುಂತಾಳ. ಆಕಿಗೆ ಏನಂತ ಹೇಳ್ಲಿ?"

"ಅದು ನಾನಲ್ಲ ಅಂತ ಹೇಳು."

"ಮಾರಿ ನಿಂದs ಐತಲ್ಲ!"

ಇಡೀ ಪ್ರಸಂಗದಲ್ಲಿ ಸಂತೋಷಪಟ್ಟವಳು ಹಾಲಿನವಳೊಬ್ಬಳೇ. "ಅಕ್ಕಾ, ನಮ್ಮಸು ಧಾರ್ವಾಡಕ್ಕೂ ಓಯ್ತು!" ಎಂದು ಬೀದಿಗೆಲ್ಲ ಹೇಳಿದಳು. ವಿಡಿಯೊದಲ್ಲಿ ಹಸು ನನಗಿಂತ ಚೆನ್ನಾಗಿ ಬಂದಿತ್ತು, ಅದು ನಿಜ. ಅದಕ್ಕೆ ಯಾರೂ ದನಿ ಹಾಕಲು ಹೋಗಿರಲಿಲ್ಲ.

ನನ್ನ ಮುಖ ತೆಗೆದುಹಾಕಿ ಎಂದು ಕಂಪನಿಗೆ ಹೇಳಲು ಸಿದ್ಧಳಾಗಿದ್ದೆ. ಅಷ್ಟರಲ್ಲಿ ಹುಡುಗಿಯೇ ಇನ್ನೊಂದು ಕಾರ್ಯಕ್ರಮ ಹಿಡಿದುಕೊಂಡು ಬಂದಳು. ಬಂಗಾರಪೇಟೆಯ ಮಾರುಕಟ್ಟೆಯಲ್ಲಿ ಒಂದು ಅಂಗಡಿಯ ಮುಂದೆ ಮೇಜು ಹಾಕಿ ಮಸ್ಸೊಪ್ಪು ರುಚಿ ತೋರಿಸುವುದು, ನಾನು ನಿಂತು ಜನರ ಜೊತೆ ಮಾತಾಡುವುದು. ಎದುರುಬದುರು ಮಾತಾಡಿದರೆ ಜನಕ್ಕೆ ನಿಜ ತಿಳಿಯುತ್ತದಲ್ಲ ಎಂಬ ಆಸೆಯಿಂದ ಹೋದೆ. ಕನ್ನಡಕ ಹಾಕಿಕೊಂಡೇ ಹೋದೆ.

ಜನ ಸೇರಿದರು. ನಾನು ನನ್ನ ಮಾತಿನಲ್ಲಿ ಎರಡು ವಾಕ್ಯ ಆಡಿದೆ. ಮುಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವ್ರಲ್ಲ ಕಣ್ಲಾ" ಎಂದ ಒಬ್ಬ ಹಿಂದಿನಿಂದ.

"ಮುಕ ಅವರ್ದೇ ಅಲ್ವ?"

"ಮುಕ ಅಂಗೇ ಐತೆ. ಡೂಪ್ಲಿಕೇಟು. ನಿಜವಾದವ್ರು ಕಾಸ್ಟ್ಲಿ ಆಯ್ತಾರೆ, ಇಲ್ಲಿಗೆಲ್ಲ ಎಲ್ಲಿ ಬತ್ತಾರೆ?"

ಒಬ್ಬ ಯುವಕ ಫೋನು ತೆಗೆದು, ವಿಡಿಯೊ ಹಾಕಿ, ನನ್ನ ಕೆನ್ನೆಯ ಪಕ್ಕ ಹಿಡಿದು ನೋಡಿದ. ಫೋನಿನೊಳಗಿನ ನಾನು ಬಾರವ್ವಾ ಕಂದಾ ಎಂದು ನಡುಗುತ್ತಿದ್ದೆ. ಹೊರಗಿನ ನಾನು ಸಿಟ್ಟಿನಿಂದ ನಡುಗುತ್ತಿದ್ದೆ. "ಒಸಿ ಅಳಿ ಮೇಡಂ, ಗೊತ್ತಾಯ್ತದೆ" ಎಂದ. ಜನ ನಕ್ಕರು. ನನಗೆ ಕಣ್ಣೀರು ಬಂದಿದ್ದರೆ ಅಲ್ಲೇ ಸಾಬೀತಾಗುತ್ತಿತ್ತು, ಬರಲಿಲ್ಲ.

ಒಬ್ಬ ಹೆಂಗಸು ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿದಳು. ಮುಂದೆ ನಾನು, ಹಿಂದೆ ಕೊಟ್ಟಿಗೆ. "ಇದ್ರ ಮ್ಯಾಲೆ ಕೊಟ್ಗೆ ಯಾಕೆ ಆಕವ್ರೆ? ಮನೇಗೆ ನೆಂಟ್ರು ಬಂದ್ರೆ ಅಡ್ಗೆಮನೇಲಿ ಇದ್ನ ಎಂಗೆ ಇಡಾದು?" ಎಂದು ಅಂಗಡಿಯವನ ಕಡೆ ತಿರುಗಿದಳು. "ಅಣ್ಣಾ, ಇಂಗ್ಲಿಷ್ ಅಕ್ಸರದ್ದು ಐತಲ್ಲ, ಬಿಳೀ ಪ್ಯಾಕೆಟ್ಟು, ಅದ್ನ ಕೊಡು."

ಬಿಳೀ ಪ್ಯಾಕೆಟ್ಟೂ ಇದೇ ಕಂಪನಿಯ ಹಳೆಯ ಸಾಂಬಾರ್ ಪುಡಿ. ಆ ಸಂಜೆ ಅಂಗಡಿಯವನ ಬಳಿ ಅದು ಖಾಲಿಯಾಯಿತು. ನನ್ನ ಮುಖದ್ದು ಒಂದೂ ಅಲುಗಲಿಲ್ಲ. "ಮತ್ತೆ ಇದನ್ನ ಯಾರು ಕೊಳ್ತಾರೆ?" ಎಂದು ಹುಡುಗಿಯನ್ನು ಕೇಳಿದೆ.

"ಬೆಂಗಳೂರವರು ಮೇಡಂ" ಎಂದಳು ಸಣ್ಣ ದನಿಯಲ್ಲಿ. "ಅಲ್ಲಿ ಚೆನ್ನಾಗಿ ಹೋಗ್ತಿದೆ. ಊರಿನ ರುಚಿ ಅಂತ ತಗೋತಾರೆ."

ಅವಳನ್ನು ಬೀಳ್ಕೊಡಲು ಸ್ಟೇಷನ್ನಿನವರೆಗೆ ಹೋದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ರೈಲು ಬರುವುದರೊಳಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಬೇಕೆಂದಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅವಳು ಆ ಕಡೆ ತಿರುಗಿ, ಕೈ ಅಡ್ಡ ಹಿಡಿದು ಮಾತಾಡಿದಳು.

"ಊಂ ಅಮ್ಮಾ... ಬಂಗಾರಪೇಟೇಲಿ ಇವ್ನಿ... ಇಲ್ಲಮ್ಮ, ಈ ಕಿತ ಮನೇಗೆ ಬರಾಕಾಗಲ್ಲ, ಟ್ರೇನ್ಗೆ ಓಯ್ತಾ ಇವ್ನಿ... ಅಪ್ಪಂಗೆ ಮಾತ್ರೆ ಕೊಟ್ಯಾ? ಊಂ, ಆಮ್ಯಾಕೆ ಮಾಡ್ತೀನಿ."

ನಾನು ಹೇಳಬೇಕೆಂದಿದ್ದೆಲ್ಲ ಮರೆತೇಹೋಯಿತು. ನಿರ್ದೇಶಕ ಕೊಟ್ಟಿಗೆಯಲ್ಲಿ ನಿಂತು ಮಧ್ಯಾಹ್ನವಿಡೀ ಹುಡುಕಿದ ದನಿ ಅವನ ಪಕ್ಕದಲ್ಲೇ ಕ್ಯಾಮೆರಾ ಲೈಟಿನ ಛತ್ರಿ ಹಿಡಿದು ನಿಂತಿತ್ತು.

"ನಿಂದು ಯಾವೂರು?"

"ಮುಳಬಾಗಿಲ ಹತ್ರ ಒಂದು ಹಳ್ಳಿ, ಆಂಟಿ." ಅಂದು ಮೊದಲ ಸಲ ಅವಳು ಮೇಡಂ ಎನ್ನಲಿಲ್ಲ.

"ಹಂಗಾರ ನೀನs ಆ ದನಿ ಕೊಡಬಹುದಿತ್ತಲ್ಲವಾ?"

ಅವಳು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. "ಕಾಲೇಜಿಗೆ ಸೇರಿದ ವರ್ಷ ಕ್ಲಾಸಲ್ಲಿ ಎದ್ದು ನಿಂತು 'ಆಜರ್ ಸಾರ್' ಅಂದೆ. ಮೂರು ವರ್ಷ ನನ್ನ ಹೆಸರೇ ಆಜರ್ ಆಯ್ತು. ಆ ಮಾತು ಬಿಡೋದಕ್ಕೆ ಕನ್ನಡಿ ಮುಂದೆ ನಿಂತು ಅಳ್ತಾ ಅಳ್ತಾ ಅಭ್ಯಾಸ ಮಾಡಿದೀನಿ ಆಂಟಿ. ಈಗ ಆಫೀಸಲ್ಲಿ ಎದ್ದು ನಿಂತು, ಇಗೋ ನಂಗೆ ಬರುತ್ತೆ, ರೆಕಾರ್ಡ್ ಮಾಡ್ಕೊಳ್ಳಿ ಅನ್ನಲಾ?"

"ಮತ್ತ ಆ ಮುದುಕಿ ದನಿ ಖೋಟಾ ಅಂತ ನಿನಗ ಗೊತ್ತಿತ್ತು."

"ಮೊದಲ ಸಲ ಕೇಳಿದಾಗ್ಲೇ ಗೊತ್ತಾಯ್ತು. ಮೀಟಿಂಗಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನೂ ಹೊಡೆದೆ."

ನನಗೆ ಬೈಯಲು ಆಗಲಿಲ್ಲ. ಕನ್ನಡಿಯ ಮುಂದೆ ನಿಂತು ಒಂದೊಂದೇ ಹಕಾರ ಕೂಡಿಸಿಕೊಳ್ಳುತ್ತಿದ್ದ ಹುಡುಗಿ ಕಣ್ಣಮುಂದೆ ಬಂದಳು. ಇಷ್ಟು ಕಷ್ಟಪಟ್ಟು ಕಳೆದುಕೊಂಡದ್ದನ್ನು ಬೇರೆ ಯಾರೋ ತಪ್ಪುತಪ್ಪಾಗಿ ಆಡಿ ಸಂಬಳ ಎಣಿಸುವುದನ್ನು ಕೂತು ನೋಡುವುದು ಎಂಥ ಕೆಲಸ ಎನಿಸಿತು. ನನ್ನ ಮುಖ ತೆಗೆದುಹಾಕಿಸು ಎಂದಷ್ಟೇ ಹೇಳಿದೆ. ಆಯ್ತು ಎಂದಳು.

ರೈಲು ಬಂತು, ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಕಿಟಕಿಯ ಹತ್ತಿರ ಒಬ್ಬ ಹೆಂಗಸು ಬುಟ್ಟಿಯನ್ನು ಸೀಟಿನ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿ ಆಕೆಯನ್ನು ಇಂಗ್ಲಿಷಿನಲ್ಲಿ ಜಾಗ ಕೇಳಿದಳು. "ಬಾ ತಾಯಿ, ಕೂತ್ಕ" ಎಂದು ಆಕೆ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಹುಡುಗಿ ಮಾತು ಉಳಿಸಿಕೊಂಡಳು. ಸ್ವಲ್ಪ ದಿನದಲ್ಲಿ ವಿಡಿಯೊಗಳೆಲ್ಲ ಮಾಯವಾದವು, ಹೊಸ ಪ್ಯಾಕೆಟ್ಟುಗಳ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಒಬ್ಬ ಅಜ್ಜಿ ಬಂದಳು. ಅವಳಿಗೆ ಹಲ್ಲೆಲ್ಲ ಇವೆ, ಕನ್ನಡಕ ಬೇಕಿಲ್ಲ, ಯಾವ ಊರಿನವಳೆಂದು ಕೇಳುವವರಿಲ್ಲ. ನಾನು ಮತ್ತೆ ಅಕ್ಕಿ ಡಬ್ಬಿಗೆ ಫೋನು ಒರಗಿಸಿ ನನ್ನ ಮಾತಿನಲ್ಲೇ ವಿಡಿಯೊ ಮಾಡುತ್ತಿದ್ದೇನೆ. ನೋಡುವವರಲ್ಲಿ ಕೆಲವರು ಈಗಲೂ ಕೆಳಗೆ ಬರೆಯುತ್ತಾರೆ: ಮೊದಲಿನ ದನಿ ಚೆನ್ನಾಗಿತ್ತು, ಯಾಕೆ ಬದಲಾಯಿಸಿದಿರಿ?

ಬಂಗಾರಪೇಟೆಯ ಅಂಗಡಿಯವನು ಉಳಿದಿದ್ದ ಪ್ಯಾಕೆಟ್ಟುಗಳನ್ನು ಒಂದು ಚೀಲಕ್ಕೆ ತುಂಬಿ, "ನಿಮ್ಮ ಮುಕದ್ದು, ಬಿಸಾಕಾಕೆ ಮನಸು ಬರಾಕಿಲ್ಲ, ನೀವೇ ತಗಂಡೋಗಿ" ಎಂದು ಕೊಟ್ಟ. ಬಿಸಾಡಲು ನನಗೂ ಮನಸ್ಸಾಗಲಿಲ್ಲ. ಹೆಸರು ಬರೆಯದ ಡಬ್ಬಿಗೆ ಸುರಿದಿಟ್ಟು ಒಂದು ದಿನ ಬದನೆಕಾಯಿ ಪಲ್ಯಕ್ಕೆ ಹಾಕಿದೆ. ಗಂಡ ಎರಡನೆಯ ಸಲ ಬಡಿಸಿಕೊಂಡು, ಪುಡಿ ಊರಿಂದ ಬಂತೇನು ಎಂದು ಕೇಳಿದರು. ಹೌದೆಂದೆ.